ಗುಂಡುಕಲ್ಲಿನ ಹಾಗಿದ್ದವರು

ಸಾವಿನ ಮನೆಯ ಮುಂದೆ ಹಾಕಿದ ಶಾಮಿಯಾನದ ಕೆಳಗೆ ಕೂತವರು ಆಡುವ ಒಂದು ಮಾತಿದೆ. ‘ಗುಂಡ್ಕಲ್ಲು ಇದ್ದಂಗಿದ್ದ ಕಣಪ್ಪ. ನಿನ್ನೆ ಸಾಯಂಕಾಲ ಡೇರಿಗೆ ಹಾಲು ಹಾಕ್ಬಂದವ್ನೆ. ಒಂದಿನ ಜ್ವರ ಅಂತ ಮಲಗಿದೋನಲ್ಲ.’ ಸುತ್ತ ಕೂತವರು ತಲೆಯಾಡಿಸುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು ಸಮಾಧಾನದ ದನಿಯಲ್ಲಿ, ‘ಪುಣ್ಯವಂತ. ಯಾರ ಕೈಲೂ ಒಂದು ಲೋಟ ನೀರು ಕೇಳ್ದಂಗೆ ಹೋದ’ ಎನ್ನುತ್ತಾರೆ. ಹಾಸನ ಜಿಲ್ಲೆಯ ನಮ್ಮ ಸೀಮೆಯಲ್ಲಿ ಈ ಎರಡು ಮಾತನ್ನು ಎಷ್ಟು ಅಂಗಳಗಳಲ್ಲಿ ಕೇಳಿದ್ದೇನೋ ನನಗೆ ಲೆಕ್ಕವಿಲ್ಲ. ಸತ್ತವನ ವಯಸ್ಸು ಒಮ್ಮೆ 52, ಒಮ್ಮೆ 47, ಒಮ್ಮೆ 39. ಒಳಗೆ ನಡುಮನೆಯಲ್ಲಿ ಹೆಂಡತಿ ಗೋಡೆಗೆ ಒರಗಿ ಕೂತಿರುತ್ತಾಳೆ. ಮಗ ಹತ್ತನೇ ಕ್ಲಾಸಿನಲ್ಲೋ ಪಿಯುಸಿಯಲ್ಲೋ ಇರುತ್ತಾನೆ.

ಈ ಎರಡೂ ಮಾತು ಸುಳ್ಳು. ಸಾವಿನ ಮನೆಯಲ್ಲಿ ಯಾರೋ ಆಡಿದ ಮಾತನ್ನು ಹಿಡಿದು ಜಗಳಕ್ಕೆ ನಿಲ್ಲಬಾರದು ಎನ್ನುವವರಿದ್ದಾರೆ. ಮಾತು ಅಲ್ಲಿಗೇ ಮುಗಿಯುವುದಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅಲ್ಲಿ ಕೂತು ಕೇಳಿಸಿಕೊಂಡ ಪ್ರತಿಯೊಬ್ಬ ಗಂಡಸೂ ಅದನ್ನು ಮನೆಗೆ ಒಯ್ಯುತ್ತಾನೆ, ಅದರಂತೆಯೇ ಬದುಕುತ್ತಾನೆ. ಗಟ್ಟಿಯಾಗಿರುವವನಿಗೆ ಆಸ್ಪತ್ರೆ ಬೇಡ, ಬರುವುದಾದರೆ ಒಂದೇ ಏಟಿಗೆ ಬರಲಿ. ನಮ್ಮ ಗಂಡಸರು ತಮ್ಮ ದೇಹದ ಬಗ್ಗೆ ನಂಬಿಕೊಂಡಿರುವುದೆಲ್ಲ ಇಷ್ಟರಲ್ಲೇ ಬರುತ್ತದೆ.

ಮೊದಲನೆಯದನ್ನೇ ನೋಡೋಣ. ಗುಂಡುಕಲ್ಲಿನ ಹಾಗಿದ್ದ ಎಂದು ಹೇಳುವುದಕ್ಕೆ ಯಾರಾದರೂ ಅಳೆದು ನೋಡಿದ್ದರೇ? ಅವನ ತೋಳಿಗೆ ಬಿಪಿ ಪಟ್ಟಿ ಸುತ್ತಿ ಎಷ್ಟು ವರ್ಷವಾಗಿತ್ತು? ನಾನು ಕೇಳಿದ ಬಹಳ ಮನೆಗಳಲ್ಲಿ ಸಿಕ್ಕ ಉತ್ತರ, ಯಾವತ್ತೂ ಸುತ್ತಿರಲಿಲ್ಲ ಎನ್ನುವುದೇ. ನಾವು ಗಟ್ಟಿತನವನ್ನು ಅಳೆಯುವುದು ಮೂಟೆ ಹೊರುವುದರಲ್ಲಿ, ತೆಂಗಿನ ಮರ ಹತ್ತುವುದರಲ್ಲಿ, ಮೂರು ಮುದ್ದೆ ಉಂಡು ಎದ್ದುಹೋಗುವುದರಲ್ಲಿ. ರಕ್ತದೊತ್ತಡ 170 ಇದ್ದವನೂ ಮೂಟೆ ಹೊರುತ್ತಾನೆ. ಬೆಳಗಿನ ಶುಗರ್ 200 ಇದ್ದವನೂ ಮರ ಹತ್ತುತ್ತಾನೆ. ರಕ್ತದೊತ್ತಡಕ್ಕೆ ನೋವಿಲ್ಲ. ಸಕ್ಕರೆ ಕಾಯಿಲೆಗೆ ಮೊದಲ ಹಲವು ವರ್ಷ ನೋವಿಲ್ಲ. ಮೂತ್ರಪಿಂಡ ತನ್ನ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುವ ತನಕ ಯಾವ ತಕರಾರನ್ನೂ ತೆಗೆಯುವುದಿಲ್ಲ. ‘ಏನಾದ್ರೂ ಆದ್ರೆ ತಾನೆ ಡಾಕ್ಟ್ರತ್ರ ಹೋಗೋದು’ ಎನ್ನುವ ಲೆಕ್ಕ ಹಾವು ಕಚ್ಚಿದಾಗ ಸರಿ, ಕೈ ಮುರಿದಾಗ ಸರಿ. ಗಂಡಸರನ್ನು ಈಗ ನಡುವಯಸ್ಸಿನಲ್ಲಿ ಎತ್ತಿಕೊಂಡು ಹೋಗುತ್ತಿರುವ ಕಾಯಿಲೆಗಳಲ್ಲಿ ಆ ‘ಏನಾದ್ರೂ ಆಗೋದು’ ಕೊನೆಯ ಹಂತ. ಶುರುವಾಗಿದ್ದು ಹತ್ತು ಹದಿನೈದು ವರ್ಷ ಹಿಂದೆ, ಸದ್ದಿಲ್ಲದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ ಬಿಪಿ ಅಳೆದರು. ದೇಶದ ವಯಸ್ಕ ಗಂಡಸರಲ್ಲಿ ನೂರಕ್ಕೆ 24 ಮಂದಿಗೆ ಒತ್ತಡ ಮಿತಿ ಮೀರಿತ್ತು, ಇಲ್ಲವೇ ಅದಕ್ಕಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಹೆಂಗಸರಲ್ಲಿ ಇದು 21. ಅದೇ ಸಮೀಕ್ಷೆಯಲ್ಲಿ ತಂಬಾಕು ಬಳಸುವ ಗಂಡಸರು ನೂರಕ್ಕೆ 38, ಹೆಂಗಸರು 9. ಆ ಶಾಮಿಯಾನದ ಕೆಳಗೆ ನಲವತ್ತು ಗಂಡಸರು ಕೂತಿದ್ದರೆ, ಸತ್ತವನನ್ನು ಗುಂಡುಕಲ್ಲು ಎಂದು ಕರೆಯುತ್ತಿರುವವರಲ್ಲೇ ಒಂಬತ್ತು ಹತ್ತು ಮಂದಿಗೆ ಬಿಪಿ ಇದೆ ಎಂದಾಯಿತು.

ಇನ್ನು ಆ ಎರಡನೆಯ ಮಾತು, ಪುಣ್ಯವಂತ ಎನ್ನುವುದು. ಅದನ್ನು ಕೇಳಿದಾಗೆಲ್ಲ ನನಗೆ ನಮ್ಮ ಚಿಕ್ಕಪ್ಪನ ನೆನಪಾಗುತ್ತದೆ. ‘ನಂಗೇನಾರ ಬಂದ್ರೆ ಒಂದೇ ಏಟು ಕಣ್ರಯ್ಯ, ನೀವ್ಯಾರೂ ತಲೆ ಕೆಡಿಸ್ಕೋಬೇಡಿ’ ಎಂದು ಅವನು ಆಗಾಗ ಹೇಳುತ್ತಿದ್ದ. ತೆಂಗು, ಒಂದಿಷ್ಟು ರಾಗಿ, ಎರಡು ಹಸು. ದಿನಕ್ಕೆ ಒಂದು ಕಟ್ಟು ಬೀಡಿ. 2019ರ ಜನವರಿಯಲ್ಲಿ, ರಾಗಿ ಒಕ್ಕಣೆಯ ದಿನ, ಕಣದಲ್ಲೇ ಬಲಗೈಯಿಂದ ಮೊರ ಜಾರಿತು. ಬಾಯಿ ಓರೆಯಾಯಿತು. ಲಕ್ವ ಹೊಡೆದಿದೆ ಎಂದು ಎಲ್ಲರಿಗೂ ತಿಳಿಯಿತು, ಆದರೆ ಮೊದಲು ಕರೆದುಕೊಂಡು ಹೋದದ್ದು ಪಕ್ಕದ ಊರಿನಲ್ಲಿ ನಾಟಿ ಔಷಧಿ ಕೊಡುವವರ ಹತ್ತಿರ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ಆಸ್ಪತ್ರೆ ತಲುಪಿದಾಗ ರಾತ್ರಿಯಾಗಿತ್ತು. ಬಿಪಿ 220/120 ಇತ್ತು. ‘ಮಾತ್ರೆ ತಗೋತಿದ್ರಾ?’ ಎಂದು ಡ್ಯೂಟಿ ಡಾಕ್ಟರು ಕೇಳಿದರು. ಚಿಕ್ಕಮ್ಮ, ‘ಅವ್ರಿಗೆ ಬಿಪಿ ಇಲ್ಲ ಸಾರ್’ ಎಂದಳು. ಅವಳು ಸುಳ್ಳು ಹೇಳಲಿಲ್ಲ. ಅಳೆಯದಿದ್ದರೆ ಇಲ್ಲ ಎಂದೇ ನಮ್ಮ ಮನೆಗಳ ಲೆಕ್ಕ.

ಆಗ 54 ವರ್ಷದವನಾಗಿದ್ದ ಚಿಕ್ಕಪ್ಪ ಆವತ್ತು ಸಾಯಲಿಲ್ಲ. ಒಂದೇ ಏಟು ಬಿತ್ತು ನಿಜ, ಆದರೆ ಅದು ಕೊಲ್ಲುವ ಏಟಾಗಿರಲಿಲ್ಲ. ಬಲಭಾಗ ಹೋಯಿತು, ಮಾತು ಹೋಯಿತು. ಮುಂದೆ ಆರು ವರ್ಷ ಹತ್ತು ತಿಂಗಳು ಅವನು ನಡುಮನೆಯ ಮಂಚದ ಮೇಲಿದ್ದ. ಬೆನ್ನಿಗೆ ಹಾಸಿಗೆ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಬದಲಿಸಿದವಳು ಚಿಕ್ಕಮ್ಮ. ಮುದ್ದೆಯನ್ನು ಸಾರಿನಲ್ಲಿ ಗಂಜಿಯ ಹಾಗೆ ಕಲಸಿ ಚಮಚದಲ್ಲಿ ತಿನ್ನಿಸಿದವಳು, ಉಚ್ಚೆಯ ಚೀಲ ಬದಲಿಸಿದವಳು, ಅವನು ಹೇಳಲಾಗದೆ ಸಿಟ್ಟಿನಿಂದ ಎಡಗೈ ಬೀಸಿದಾಗ ಏಟು ತಿಂದವಳೂ ಅವಳೇ. ಹಸು ಎರಡನ್ನೂ ಮೊದಲ ವರ್ಷವೇ ಮಾರಿದರು. ಆ ಆರು ವರ್ಷದಲ್ಲಿ ಅವಳು ತವರಿನ ಜಾತ್ರೆಗೆ ಒಮ್ಮೆಯೂ ಹೋಗಲಿಲ್ಲ. ‘ಯಾರಿಗೂ ತೊಂದರೆ ಕೊಡಬಾರದು’ ಎಂದು ತಪಾಸಣೆ ತಪ್ಪಿಸಿಕೊಳ್ಳುವ ಗಂಡಸರು ಒಮ್ಮೆ ಇಂಥ ನಡುಮನೆಯಲ್ಲಿ ಒಂದು ರಾತ್ರಿ ಕಳೆಯಬೇಕು. ಹತೋಟಿ ತಪ್ಪಿದ ಬಿಪಿ ಮತ್ತು ಶುಗರ್ ಎಲ್ಲರನ್ನೂ ಒಂದೇ ಸಲಕ್ಕೆ ಕೊಲ್ಲುವುದಿಲ್ಲ. ಒಬ್ಬನನ್ನು ಕೊಂದರೆ ಇನ್ನೊಬ್ಬನನ್ನು ಮಂಚ ಹಿಡಿಸುತ್ತವೆ, ಮತ್ತೊಬ್ಬನನ್ನು ವಾರಕ್ಕೆ ಎರಡು ಮೂರು ಸಲ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ಎಳೆಯುತ್ತವೆ, ಇನ್ನೊಬ್ಬನ ಕಾಲಿನ ಹುಣ್ಣು ಮಾಯದೆ ಮೊಣಕಾಲಿನವರೆಗೆ ಕತ್ತರಿಸುವಂತಾಗುತ್ತದೆ. ಅನಾಯಾಸ ಮರಣವನ್ನು ಬಯಸುವುದು ತಪ್ಪಲ್ಲ. ಬಿಪಿ ನೋಡಿಸದೆ ಕೂತರೆ ಅದು ತಾನಾಗಿ ಸಿಗುತ್ತದೆ ಎಂದುಕೊಳ್ಳುವುದು ಮಾತ್ರ ತಪ್ಪು, ಆ ತಪ್ಪಿಗೆ ಬೆಲೆ ತೆರುವವಳು ಇನ್ನೊಬ್ಬಳು.

2025ರ ಜೂನ್‌ನಲ್ಲಿ ನಮ್ಮ ಜಿಲ್ಲೆ ದೇಶಕ್ಕೆಲ್ಲ ಸುದ್ದಿಯಾಯಿತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಎಂದು ಟಿವಿಯಲ್ಲಿ ದಿನವೂ ಎಣಿಕೆ ಬರುತ್ತಿತ್ತು. ಸತ್ತವರಲ್ಲಿ ಹಲವರು ಚಿಕ್ಕ ವಯಸ್ಸಿನವರು. ಜನ ಬೆಳಗಿನ ಜಾವವೇ ಎದ್ದು ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಗಾಬರಿಯಾಗಬೇಡಿ ಎಂದು ಆಸ್ಪತ್ರೆಯವರೇ ಕೈಮುಗಿದು ಕೇಳಬೇಕಾಯಿತು. ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಹಠಾತ್ ಏರಿಕೆಯೇನೂ ಕಂಡುಬಂದಿಲ್ಲ, ಲಸಿಕೆಗೂ ಸಾವಿಗೂ ನಂಟು ಸಿಕ್ಕಿಲ್ಲ ಎಂದಿತು. ಸತ್ತವರಲ್ಲಿ ಬಹಳ ಮಂದಿಗೆ ಇದ್ದದ್ದು ಹಳೆಯ ಕಾರಣಗಳೇ: ಬಿಪಿ, ಶುಗರ್, ಬೀಡಿ ಸಿಗರೇಟು, ಕುಡಿತ.

ಆ ವರದಿ ನಮ್ಮೂರಿನ ಯಾರಿಗೂ ರುಚಿಸಲಿಲ್ಲ. ಏಕೆಂದು ನನಗೆ ಅರ್ಥವಾಗುತ್ತದೆ. ಲಸಿಕೆಯೇ ಕಾರಣ ಎಂದಿದ್ದರೆ ತಪ್ಪು ಸರ್ಕಾರದ ಮೇಲೆ ಹೋಗುತ್ತಿತ್ತು, ನಾವು ಮಾಡಬೇಕಾದ್ದು ಏನೂ ಉಳಿಯುತ್ತಿರಲಿಲ್ಲ. ಏರಿಕೆಯಿಲ್ಲ ಎನ್ನುವ ಮಾತು ಅದಕ್ಕಿಂತ ಭಯಂಕರವಾದದ್ದು. ಹಿಂದಿನ ವರ್ಷವೂ ಅದರ ಹಿಂದಿನ ವರ್ಷವೂ ಇಷ್ಟೇ ಮಂದಿ ಹೀಗೇ ಸಾಯುತ್ತಿದ್ದರು, ನಾವು ಎಣಿಸಿರಲಿಲ್ಲ ಎಂದು ಅದರ ಅರ್ಥ. ಎಣಿಕೆ ನಿಂತಿತು, ಆಗಸ್ಟ್ ಬರುವ ಹೊತ್ತಿಗೆ ಭಯವೂ ಇಳಿಯಿತು. ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿಕೊಂಡ ನಮ್ಮೂರಿನ ಒಬ್ಬರು ‘ನಾರ್ಮಲ್’ ಎಂಬ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಮಲಗಿದ್ದಾಗ ತೆಗೆದ ಒಂದು ಇಸಿಜಿ ಆ ಗಳಿಗೆಯ ಗುಂಡಿಗೆಯ ಬಗ್ಗೆ ಮಾತ್ರ ಹೇಳುತ್ತದೆ, ಬರುವ ವರ್ಷದ ಬಗ್ಗೆ ಭರವಸೆ ಕೊಡುವುದಿಲ್ಲ. ಅವರ ಬಿಪಿ ಎಷ್ಟಿತ್ತು ಎಂದು ಕೇಳಿದೆ. ಅದನ್ನು ಅವರು ಕೇಳಿರಲಿಲ್ಲ. ಭಯ ಬಿದ್ದಾಗ ಓಡುವುದಕ್ಕೂ ನಿಯಮದಿಂದ ನೋಡಿಸಿಕೊಳ್ಳುವುದಕ್ಕೂ ಸಂಬಂಧವೇ ಇಲ್ಲ.

ಇದಕ್ಕೆ ಸುಮಾರು ನಾಲ್ಕು ವರ್ಷ ಮುಂಚೆ, 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ನಟ ‘ಅಪ್ಪು’ ಪುನೀತ್ ರಾಜ್‌ಕುಮಾರ್ ಹೋದಾಗಲೂ ಹೀಗೇ ಆಗಿತ್ತು. ಆ ದಿನ ನಾಡಿನಲ್ಲಿ ಒಲೆ ಹತ್ತದ ಮನೆಗಳಿದ್ದವು. ಅದಾದ ಮೇಲೆ ಗಂಡಸರು ಹೇಳಿಕೊಂಡ ಪಾಠ ಯಾವುದು? ‘ಅಷ್ಟು ವ್ಯಾಯಾಮ ಮಾಡ್ತಿದ್ದ ಅಪ್ಪುನೇ ಹೋದ್ರು. ಇನ್ನು ನಮ್ದೇನು? ಹಣೇಲಿ ಬರೆದಿದ್ದು ತಪ್ಪಲ್ಲ.’ ಅಭಿಮಾನದಿಂದ ಹೊರಟ ಮಾತಾದರೂ ಇದು ಕೈಚೆಲ್ಲುವ ಮಾತು. ಒಂದು ಸಾವು ಯಾವ ತತ್ವವನ್ನೂ ಸಾಬೀತು ಮಾಡುವುದಿಲ್ಲ. ಹೊರಗಿನಿಂದ ನೋಡಿ ಒಳಗಿನದನ್ನು ಹೇಳಲಾಗದು ಎಂಬುದನ್ನಷ್ಟೇ ಅಂಥ ಸಾವು ತೋರಿಸಬಲ್ಲದು, ಅದು ತಪಾಸಣೆಯ ಪರವಾದ ವಾದ. ಪುನೀತ್ ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೃದಯಾಘಾತವೆಂದು ತಿಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ದುಬಾರಿ ಔಷಧಿ, ಒಳ್ಳೆಯ ಯೋಜನೆ. ಆದರೆ ಎದೆ ಹಿಂಡುವಾಗ ‘ಗ್ಯಾಸ್ಟ್ರಿಕ್ಕು’ ಎಂದು ಸೋಡಾ ಕುಡಿದು ಮಲಗುವವನಿಗೆ ಅದು ತಲುಪುವುದಿಲ್ಲ.

‘ನಮ್ಮಜ್ಜ ತೊಂಬತ್ತು ವರ್ಷ ಬದುಕಿದ್ದ, ಆಸ್ಪತ್ರೆ ಮೆಟ್ಲು ಹತ್ತಿರಲಿಲ್ಲ’ ಎನ್ನುವ ವಾದವೂ ಇದೆ. ಬದುಕಿದ ಅಜ್ಜನ ಕಥೆ ಉಳಿಯುತ್ತದೆ, ಸತ್ತ ಅವನ ತಮ್ಮಂದಿರ ಹೆಸರೂ ಉಳಿಯುವುದಿಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ಈ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯಸ್ಸು ಮೂವತ್ತೆರಡರ ಆಸುಪಾಸು. 2016–20ರ ಸರ್ಕಾರಿ ಲೆಕ್ಕದಲ್ಲಿ ಅದು ಗಂಡಿಗೆ 68.6, ಹೆಣ್ಣಿಗೆ 71.4. ಆ ಸುಮಾರು ಮೂರು ವರ್ಷದ ಕೊರತೆಯನ್ನೂ ನಾವು ಗಂಡಸುತನದ ಲೆಕ್ಕಕ್ಕೆ ಬರೆದು ಸುಮ್ಮನಾಗಿದ್ದೇವೆ.

ಎದುರು ಪಕ್ಷದಲ್ಲಿ ಒಂದು ಮಾತು ಮಾತ್ರ ಹಗುರವಾದದ್ದಲ್ಲ. ತಪಾಸಣೆ ಎನ್ನುವುದು ವ್ಯಾಪಾರವಾಗಿದೆ, ಹೋದವನಿಗೆ ಇಲ್ಲದ ಕಾಯಿಲೆ ಅಂಟಿಸಿ ಕಳಿಸುತ್ತಾರೆ ಎನ್ನುವುದು. ಇದರಲ್ಲಿ ನಿಜವಿದೆ. ‘ಫುಲ್ ಬಾಡಿ ಚೆಕಪ್, ಎಪ್ಪತ್ತು ಟೆಸ್ಟ್’ ಎಂಬ ಮೆಸೇಜು ಎಲ್ಲರ ಫೋನಿಗೂ ಬರುತ್ತದೆ. ಎಪ್ಪತ್ತು ಟೆಸ್ಟ್ ಮಾಡಿದರೆ ಆರೋಗ್ಯವಂತನಿಗೂ ಎರಡು ಮೂರು ಗೆರೆ ದಾಟಿಯೇ ಇರುತ್ತವೆ, ಅಲ್ಲಿಂದ ಸ್ಕ್ಯಾನು, ಮತ್ತೊಂದು ಟೆಸ್ಟು, ತಿಂಗಳುಗಟ್ಟಲೆ ಆತಂಕ. ಪ್ಯಾಕೇಜಿನೊಳಗೆ ಸುಮ್ಮನೆ ಸೇರಿಸುವ ಪಿಎಸ್‌ಎ ಎಂಬ ಪ್ರಾಸ್ಟೇಟ್ ಪರೀಕ್ಷೆಯನ್ನು ಎಲ್ಲರಿಗೂ ಮಾಡಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಕಾಕ್ರೇನ್ ಎಂಬ ಸಂಶೋಧಕರ ಸಂಘಟನೆ 2019ರಲ್ಲಿ ಹದಿನೇಳು ಅಧ್ಯಯನಗಳನ್ನು, ಎರಡೂವರೆ ಲಕ್ಷ ಜನರ ವಿವರವನ್ನು ಒಟ್ಟಿಗೆ ನೋಡಿ, ಇಂಥ ಸಾಮಾನ್ಯ ತಪಾಸಣೆಗಳಿಂದ ಸಾವು ಕಡಿಮೆಯಾದ ಗುರುತು ಇಲ್ಲ ಎಂದಿತು. ನನ್ನ ವಾದಕ್ಕೆ ಇದು ಅನುಕೂಲವಾದ ಮಾತಲ್ಲ, ಆದರೂ ಮುಚ್ಚಿಡುವುದು ಸರಿಯಲ್ಲ.

ಆದರೆ ಆ ಅಧ್ಯಯನಗಳು ನಡೆದದ್ದು ಎಲ್ಲಿ? ಬಹುಪಾಲು ಯುರೋಪು, ಅಮೆರಿಕದಲ್ಲಿ. ಅಲ್ಲಿ ನೆಗಡಿಗೆಂದು ಹೋದವನ ತೋಳಿಗೂ ಕುಟುಂಬ ವೈದ್ಯರು ಪಟ್ಟಿ ಸುತ್ತುತ್ತಾರೆ. ವಿಶೇಷ ತಪಾಸಣೆಗೆ ಕರೆಯದೆ ಬಿಟ್ಟ ಗುಂಪಿನವರೂ ಅಲ್ಲಿ ಹೇಗೋ ಅಳೆಸಿಕೊಂಡೇ ಇರುತ್ತಾರೆ. ನಮ್ಮ ಚಿಕ್ಕಪ್ಪ 54 ವರ್ಷ ಒಮ್ಮೆಯೂ ಅಳೆಸಿಕೊಂಡಿರಲಿಲ್ಲ. ಅಳತೆಯ ಮೇಲೆ ಇನ್ನೊಂದು ಅಳತೆ ಬೇಕೇ ಎಂಬುದು ಅವರ ಪ್ರಶ್ನೆ. ನಮ್ಮಲ್ಲಿ ಮೊದಲ ಅಳತೆಯೇ ಆಗಿಲ್ಲ. ಹಾಗಾಗಿ ಆ ಅಧ್ಯಯನ ಹೊಡೆಯುವುದು ಎಪ್ಪತ್ತು ಟೆಸ್ಟಿನ ಪ್ಯಾಕೇಜಿಗೆ, ಬಿಪಿ ಪಟ್ಟಿಗಲ್ಲ. ನಾನು ಕೇಳುತ್ತಿರುವುದು ಬಹಳ ಸಣ್ಣದು. ಮೂವತ್ತು ದಾಟಿದ ಗಂಡಸು ವರ್ಷಕ್ಕೊಮ್ಮೆ ಬಿಪಿ ನೋಡಿಸಲಿ. 140/90ರ ಮೇಲೆ ಮತ್ತೆ ಮತ್ತೆ ಬಂದರೆ ಅದು ಕಾಯಿಲೆ. ಖಾಲಿ ಹೊಟ್ಟೆಯ ಶುಗರ್ ನೋಡಿಸಲಿ, ಕೊಲೆಸ್ಟ್ರಾಲ್ ಎಷ್ಟು ವರ್ಷಕ್ಕೊಮ್ಮೆ ಸಾಕು ಎಂದು ಡಾಕ್ಟರನ್ನೇ ಕೇಳಲಿ. ಟೈಲರ್ ಟೇಪಿನಲ್ಲಿ ಹೊಟ್ಟೆಯ ಸುತ್ತಳತೆ ನೋಡಲಿ, ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಗಡಿ. ಅಪ್ಪನಿಗೋ ಅಣ್ಣನಿಗೋ ಐವತ್ತೈದರೊಳಗೆ ಹೃದಯಾಘಾತವಾಗಿದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹಣ ಖರ್ಚಾಗುವುದಿಲ್ಲ.

ಇನ್ನೊಂದು, ಬಾಯಿ. ಗುಟ್ಕಾ, ಹೊಗೆಸೊಪ್ಪು, ಎಲೆಯಡಿಕೆ ಇರುವ ನಾಡು ನಮ್ಮದು. ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್. ಕಂಡುಹಿಡಿಯಲು ಬೇಕಾದದ್ದು ಒಂದು ಟಾರ್ಚು, ಕಲಿತ ಕಣ್ಣು. ಕೆನ್ನೆಯ ಒಳಗೆ ಬಿಳಿ ಮಚ್ಚೆಯೋ ಕೆಂಪು ಮಚ್ಚೆಯೋ ಮೂಡಿದೆಯೇ, ಬಾಯಿ ಮೊದಲಿನಷ್ಟು ತೆರೆಯುತ್ತದೆಯೇ ಎಂದು ನೋಡುವುದು. ಪಕ್ಕದ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಇದನ್ನೇ ಮಾಡಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗೆ ತರಬೇತಾದ ಆರೋಗ್ಯ ಕಾರ್ಯಕರ್ತರು ಹೋಗಿ ಬಾಯಿ ನೋಡಿದರು. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಹೆಂಡ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಕಾಕ್ರೇನ್ ಹೆಸರು ಹೇಳಿ ತಪಾಸಣೆಯೇ ದಂಡ ಎನ್ನುವ ಓದಿದ ಗಂಡಸರು ತಿರುವನಂತಪುರದ ಹೆಸರನ್ನೂ ಹೇಳಬೇಕು.

ಹಣವಿದ್ದವನೂ ಪುರುಸೊತ್ತಿದ್ದವನೂ ಹೋಗದಿರುವುದಕ್ಕೆ ಇರುವ ಕಾರಣ ಬೇರೆ. ‘ಒಂದ್ಸಲ ಮಾತ್ರೆ ಹತ್ತಿಸ್ಕೊಂಡ್ರೆ ಜೀವ ಇರೋಗಂಟ ನುಂಗ್ಬೇಕು.’ ಗೊತ್ತಾಗದಿದ್ದರೆ ಕಾಯಿಲೆ ಇಲ್ಲ, ಗೊತ್ತಾದ ದಿನದಿಂದ ರೋಗಿ ಎಂಬ ಭಯ. ಈ ಭಯ ನನಗೆ ಚೆನ್ನಾಗಿ ಗೊತ್ತು. ಚಿಕ್ಕಪ್ಪನನ್ನು ಸೇರಿಸಿದ ಆ ರಾತ್ರಿಯೇ ಡ್ಯೂಟಿ ಡಾಕ್ಟರು ನನ್ನ ಕಡೆ ತಿರುಗಿ, ‘ನಿಮ್ದು ಯಾವಾಗ ನೋಡ್ಸಿದ್ರಿ?’ ಎಂದರು. ನನಗಾಗ 41. ಅಳೆದಾಗ 156/100 ಬಂತು. ಗಾಬರಿಗೆ ಹೆಚ್ಚಿರಬಹುದು, ವಾರ ಬಿಟ್ಟು ಬನ್ನಿ ಎಂದರು. ಆ ವಾರ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಮತ್ತೆ ಅಳೆದಾಗಲೂ ಇಳಿದಿರಲಿಲ್ಲ. ಅವತ್ತಿನಿಂದ ಬೆಳಿಗ್ಗೆ ಒಂದು ಮಾತ್ರೆ. ಜನೌಷಧಿ ಅಂಗಡಿಯಲ್ಲಿ ಅದರ ತಿಂಗಳ ಖರ್ಚು ಒಂದು ಪ್ಯಾಕೆಟ್ ಸಿಗರೇಟಿನಷ್ಟೂ ಆಗುವುದಿಲ್ಲ. ಜೀವ ಇರುವತನಕ ನುಂಗಬೇಕು, ನಿಜ. ಚಿಕ್ಕಪ್ಪನೂ ಕೊನೆಯ ಆರು ವರ್ಷ ದಿನಕ್ಕೆ ಏಳು ಮಾತ್ರೆ ನುಂಗಿದ, ಇನ್ನೊಬ್ಬರ ಕೈಯಿಂದ.

ಹಾಗೆಂದು ಎಲ್ಲವನ್ನೂ ಗಂಡಸಿನ ಹಟದ ಮೇಲೆ ಹೊರಿಸುವುದು ಕೂಡ ಚಾಲ್ತಿಯಲ್ಲಿರುವ ಒಂದು ಸುಲಭದ ಅಭಿಪ್ರಾಯ, ಅದನ್ನೂ ನಾನು ಒಪ್ಪುವುದಿಲ್ಲ. ಹೆಣ್ಣು ಬಸುರಿಯಾದಾಗ ಅವಳ ಕೈಗೆ ತಾಯಿ ಕಾರ್ಡ್ ಬರುತ್ತದೆ. ತೂಕ, ಬಿಪಿ, ರಕ್ತ, ಮೂತ್ರ ಎಲ್ಲ ಅದರಲ್ಲಿ ಏರುತ್ತದೆ. ಹುಡುಗನಿಗೆ ಚಿಕ್ಕಂದಿನ ಲಸಿಕೆ ಕಾರ್ಡ್ ಮುಗಿದ ಮೇಲೆ ಅಂಥ ಇನ್ನೊಂದು ಕಾರ್ಡ್ ಕೈಗೆ ಬರುವುದಿಲ್ಲ. ಸಾರಿಗೆ ವಾಹನದ ಲೈಸೆನ್ಸಿಗೆ, ನಲವತ್ತು ದಾಟಿದವರ ಲೈಸೆನ್ಸಿಗೆ ಬೇಕಾದ ಫಾರಂ 1ಎ ಎಂಬ ವೈದ್ಯಕೀಯ ಪತ್ರವೊಂದೇ ಬಹಳ ಮಂದಿಗೆ ಸಿಗುವ ಬಾಗಿಲು. ಅದು ಮುಖ್ಯವಾಗಿ ಕಣ್ಣು, ಕಿವಿ, ಕೈಕಾಲು ನೋಡುವ ಕಾಗದ. ನನ್ನ ಲೈಸೆನ್ಸ್ ನವೀಕರಿಸುವಾಗ ಅದಕ್ಕೆ ಸಹಿ ಮಾಡಿದ ವೈದ್ಯರು ನನ್ನ ಮುಖವನ್ನೂ ನೋಡಲಿಲ್ಲ, ಏಜೆಂಟನೇ ತಂದುಕೊಟ್ಟ. ಜಯದೇವ ಸಂಸ್ಥೆ ಎಳೆಯ ವಯಸ್ಸಿನ ಹೃದ್ರೋಗಿಗಳ ಬಗ್ಗೆ 2017ರಿಂದ ಇಟ್ಟಿರುವ ದಾಖಲೆಯಲ್ಲಿ ಬಹುಪಾಲು ಗಂಡಸರು, ಅವರಲ್ಲಿ ಆಟೊ, ಕ್ಯಾಬ್ ಚಾಲಕರು ಎದ್ದು ಕಾಣುತ್ತಾರೆ. ಆ ಫಾರಂಗೆ ಬಿಪಿ, ಶುಗರಿನ ಎರಡು ಸಾಲು ಸೇರಿಸಿ ಪ್ರಾಮಾಣಿಕವಾಗಿ ತುಂಬಿಸಿದರೆ ಎಷ್ಟು ಚಾಲಕರ ಕಾಯಿಲೆ ಹೊತ್ತು ಮೀರುವ ಮುಂಚೆ ಸಿಗುತ್ತದೆ!

ಪ್ರಾಥಮಿಕ ಆರೋಗ್ಯ ಕೇಂದ್ರ ತೆರೆಯುವ ಹೊತ್ತಿಗೆ ಕೂಲಿಯವನು ಕೆಲಸದ ಮೇಲಿರುತ್ತಾನೆ, ಅದು ಮುಚ್ಚಿದ ಮೇಲೆ ಊರಿಗೆ ಬರುತ್ತಾನೆ. ತಪಾಸಣೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಗೃಹ ಆರೋಗ್ಯ ಯೋಜನೆಯನ್ನು 2024ರಲ್ಲಿ ಕೋಲಾರದಿಂದ ಶುರುಮಾಡಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದರು, ಮನೆ ಬಾಗಿಲಿಗೇ ಬಂದು ನೋಡುತ್ತಾರೆ. ಆದರೆ ಆಶಾ ಕಾರ್ಯಕರ್ತೆ ಬರುವುದು ಹಗಲು ಹನ್ನೊಂದು ಗಂಟೆಗೆ. ‘ಯಜಮಾನ್ರೆಲ್ಲಿ?’ ‘ತೋಟಕ್ಕೆ ಹೋಗವ್ರೆ.’ ಗಂಡಸಿನ ಹೆಸರಿನ ಮುಂದಿನ ಜಾಗ ಖಾಲಿ ಉಳಿಯುತ್ತದೆ.

ಗಂಡಸು ಎಲ್ಲಿ ನಿಂತಿರುತ್ತಾನೋ ಅಲ್ಲಿಗೆ ಬಿಪಿ ಪಟ್ಟಿ ಹೋಗಬೇಕು. ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ನಮ್ಮೂರಿನ ಹಾಲಿನ ಸೊಸೈಟಿ ಮುಂದೆ ಅವನು ಕ್ಯಾನು ಹಿಡಿದು ನಿಂತಿರುತ್ತಾನೆ. ಪ್ರತಿ ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಮೆಷಿನ್ನಿಗಿಟ್ಟು ಫ್ಯಾಟು, ಎಸ್‌ಎನ್‌ಎಫ್ ನೋಡಿ ಚೀಟಿ ಕೊಡುತ್ತಾರೆ. ಫ್ಯಾಟು ಇಳಿದರೆ ಹಸುವಿನ ಮೇವಿನಲ್ಲಿ ಏನು ಕಡಿಮೆಯಾಯಿತು ಎಂದು ಅವನು ಅದೇ ದಿನ ಯೋಚಿಸುತ್ತಾನೆ. ಹಸು ಮಲಗಲಿ ನೋಡೋಣ ಎಂದು ಕಾಯುವುದಿಲ್ಲ. ಎಂದರೆ, ಕಣ್ಣಿಗೆ ಕಾಣುವ ಮುಂಚೆ ಅಂಕಿ ಹೇಳುತ್ತದೆ ಎಂಬುದು ಈ ಗಂಡಸಿಗೆ ಗೊತ್ತಿಲ್ಲದ ವಿಷಯವೇ ಅಲ್ಲ. ಆ ಮೆಷಿನ್ನಿನ ಪಕ್ಕದಲ್ಲಿ ತಿಂಗಳಿಗೆ ಒಂದು ದಿನ ಬಿಪಿ ಮೆಷಿನ್ನು ಇಟ್ಟು ಒಬ್ಬ ನರ್ಸ್ ಕೂತರೆ ಸಾಕು. ಇದು ನನ್ನ ಕಲ್ಪನೆಯಲ್ಲ. ಲಾಸ್ ಏಂಜಲೀಸ್‌ನಲ್ಲಿ ರೊನಾಲ್ಡ್ ವಿಕ್ಟರ್ ಎಂಬ ವೈದ್ಯರು 52 ಕ್ಷೌರದಂಗಡಿಗಳಲ್ಲಿ, ಬಿಪಿ ಹೆಚ್ಚಿದ್ದ 319 ಕಪ್ಪು ಗಂಡಸರ ನಡುವೆ ಇಂಥದೇ ಕೆಲಸ ಮಾಡಿದರು. ಔಷಧಿ ಬಲ್ಲವರು ಅಂಗಡಿಗೇ ಬಂದು ಅಳೆದು ಮಾತ್ರೆ ಕೊಟ್ಟ ಗುಂಪಿನಲ್ಲಿ ಆರು ತಿಂಗಳಿಗೆ ಮೇಲಿನ ಒತ್ತಡ 27 ಅಂಕ ಇಳಿಯಿತು. ಡಾಕ್ಟರ ಬಳಿ ಹೋಗಿ ಎಂದು ಕ್ಷೌರಿಕರು ಹೇಳಿದ ಗುಂಪಿನಲ್ಲಿ ಇಳಿದದ್ದು 9 ಚಿಲ್ಲರೆ. ಬುದ್ಧಿಮಾತಿಗೂ ಪಟ್ಟಿಗೂ ಇರುವ ಅಂತರ ಇದು.

ಆದರೆ ಒಂದು ಕಡೆ ಮಾತ್ರ ಗಂಡಸಿಗೆ ನಾನು ರಿಯಾಯಿತಿ ಕೊಡಲಾರೆ. ಯಾವ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನೋಡಿದರೂ ಗಂಡನ ಫೈಲು ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿರುತ್ತದೆ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಹೋದ ಸಲ ಶುಗರ್ ಎಷ್ಟಿತ್ತು, ಎಲ್ಲಕ್ಕೂ ಉತ್ತರ ಅವಳದ್ದು. ‘ನಿಮ್ಮ ಮನೆಯ ಗಂಡಸರನ್ನು ತಪಾಸಣೆಗೆ ಕರೆತನ್ನಿ’ ಎಂದು ಶಿಬಿರದ ಕರಪತ್ರಗಳೂ ಹೆಂಗಸರನ್ನೇ ಬೇಡಿಕೊಳ್ಳುತ್ತವೆ. ಮದುವೆಗೆ ಮುಂಚೆ ಅಮ್ಮ, ಆಮೇಲೆ ಹೆಂಡತಿ, ಕೊನೆಗೆ ಮಗಳು. ತನ್ನ ಬಿಪಿ ಎಷ್ಟು ಎಂದು ಹೇಳಲಾಗದವನು ಮನೆಯ ಯಜಮಾನ ಎನಿಸಿಕೊಳ್ಳುವುದು ಹೇಗೆ? ಮೂತ್ರಕೋಶದ ಕ್ಯಾನ್ಸರಿಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಶಿವರಾಜ್‌ಕುಮಾರ್ ಹೊಸ ವರ್ಷದ ದಿನ ಪತ್ನಿಯ ಪಕ್ಕದಲ್ಲಿ ಕೂತು, ಭಾವುಕರಾಗಿ, ತಮ್ಮ ಕಾಯಿಲೆಯ ಬಗ್ಗೆ ಅಭಿಮಾನಿಗಳಿಗೆ ತಾವೇ ಹೇಳಿದರು. ತೆರೆಯ ಮೇಲೆ ಲಾಂಗ್ ಹಿಡಿದ ನಾಯಕನ ಬಾಯಿಂದ ಬಂದ ಆ ಮಾತು ನೂರು ಕರಪತ್ರಕ್ಕಿಂತ ದೊಡ್ಡದು ಎಂದು ನನಗನ್ನಿಸಿತು.

ಹೋದ ಕಾರ್ತಿಕದಲ್ಲಿ ಚಿಕ್ಕಪ್ಪ ತೀರಿಕೊಂಡ. ಈ ಸಲ ಅಂಗಳದಲ್ಲಿ ಯಾರೂ ಗುಂಡುಕಲ್ಲು ಎನ್ನಲಿಲ್ಲ, ಪುಣ್ಯವಂತ ಎನ್ನಲಿಲ್ಲ. ‘ಬಿಡುಗಡೆ ಆಯ್ತು ಬಿಡು’ ಎಂದರು. ಅದು ಅವನಿಗೋ ಚಿಕ್ಕಮ್ಮನಿಗೋ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಹನ್ನೊಂದನೇ ದಿನದ ಊಟ ಮುಗಿದ ಮೇಲೆ ಅವನ ಮಗ, 36 ವರ್ಷದವನು, ಬೀಡಿ ಹಚ್ಚಲು ಹಿತ್ತಲಿಗೆ ಹೋದ. ನಾನು ಬ್ಯಾಗಿನಿಂದ ಬಿಪಿ ಮೆಷಿನ್ನು ತೆಗೆದುಕೊಂಡು ಹಿಂದೆಯೇ ಹೋದೆ. ‘ಈಗ್ಯಾಕಣ್ಣ, ಬರೋ ವಾರ ನೋಡನ’ ಎಂದ. ನಾನು ಮಾತಾಡಲಿಲ್ಲ, ಒರಳುಕಲ್ಲಿನ ಮೇಲೆ ಕೂರಿಸಿದೆ. ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಅವನೇ ತೋಳು ಮಡಿಸಿದ. ಚಿಕ್ಕಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಪಟ್ಟಿ ಉಬ್ಬಿತು, ಇಳಿಯಿತು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೊಮ್ಮೆ ಹಾಕಿದೆ. ಎರಡನೇ ಸಲವೂ 152/96. ಅವನು ಬಗ್ಗಿ ಅಂಕಿಯನ್ನು ನೋಡಿ, ಅಮ್ಮನಿಗೆ ಕೇಳಿಸದ ಹಾಗೆ, ‘ಇದು ಜಾಸ್ತಿನಾ ಅಣ್ಣ?’ ಎಂದ.